ವಾಚನಾಲಯದ ಇಮೇಲಿಗೆ ಬರುವ ಬೇಡದ ಪತ್ರಗಳು: ಅನ್‌ಸಬ್‌ಸ್ಕ್ರೈಬ್ ಒತ್ತಬಹುದೇ?

ಪ್ರಶ್ನೆ – ಬದಿಯಡ್ಕದ ಟೀಚರ್

ಎಲ್ಲರಿಗೂ ನಮಸ್ಕಾರ. ಶಾಲೆಯಿಂದ ನಿವೃತ್ತಳಾದ ಮೇಲೆ ನಮ್ಮೂರ ವಾಚನಾಲಯದ ಇಮೇಲ್ ಖಾತೆಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಲೈಬ್ರರಿ ಕೌನ್ಸಿಲಿನ ಸುತ್ತೋಲೆಗಳು, ಪ್ರಕಾಶಕರ ಪುಸ್ತಕಪಟ್ಟಿಗಳು, ಪಂಚಾಯತಿನ ಪತ್ರಗಳು ಎಲ್ಲವೂ ಇದೇ ವಿಳಾಸಕ್ಕೆ ಬರುತ್ತವೆ. ಈಗ ಅವುಗಳ ನಡುವೆ ಸಾಲದ ಆಮಿಷ, ವಿಮೆ, ಬಟ್ಟೆ ಅಂಗಡಿಯ ರಿಯಾಯಿತಿ, ದೂರದೂರಿನ ಕೋಚಿಂಗ್ ಸೆಂಟರುಗಳ ಜಾಹೀರಾತು ಎಷ್ಟು ತುಂಬಿಕೊಂಡಿವೆಯೆಂದರೆ, ಮಲಯಾಳದಲ್ಲಿ ಬರುವ ಸುತ್ತೋಲೆಯೊಂದನ್ನು ಹುಡುಕಿ ತೆಗೆಯುವುದೇ ಕಷ್ಟವಾಗಿದೆ. ಅನುದಾನದ ಅರ್ಜಿಗೆ ಕೊನೆಯ ದಿನಾಂಕವಿರುವ ಪತ್ರ ಕಣ್ತಪ್ಪಿ ಹೋದರೆ ನಷ್ಟವಾಗುವುದು ಓದುಗರಿಗೆ.

ಇಂಥ ಪತ್ರಗಳ ಅಡಿಯಲ್ಲಿ ಅನ್‌ಸಬ್‌ಸ್ಕ್ರೈಬ್ (ಕಳುಹಿಸುವವರ ಪಟ್ಟಿಯಿಂದ ನಮ್ಮ ವಿಳಾಸವನ್ನು ತೆಗೆಸುವುದು) ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ನಿಲ್ಲುತ್ತದೆ ಎಂದು ಕೆಲವರು, ಒತ್ತಿದರೆ ಇನ್ನೂ ಹೆಚ್ಚಾಗುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ? ಆ ಸಣ್ಣಕ್ಷರದ ಸಾಲುಗಳು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುವುದರಿಂದ, ಇತರ ಓದುಗರಿಗೂ ತೋರಿಸಿಕೊಡಬಹುದಾದ ಹಾಗೆ ಕನ್ನಡದಲ್ಲಿ ವಿವರಿಸಬೇಕೆಂದು ಕೋರಿಕೆ.

ಉತ್ತರ – ಕುಂಬಳೆಯಿಂದ

ಟೀಚರಿಗೆ ನಮಸ್ಕಾರ. ಎರಡೂ ಮಾತುಗಳಲ್ಲಿ ಹುರುಳಿದೆ, ಆದರೆ ಅವು ಬೇರೆ ಬೇರೆ ಬಗೆಯ ಪತ್ರಗಳಿಗೆ ಸಲ್ಲುತ್ತವೆ. ಮೊದಲು ನೋಡಬೇಕಾದದ್ದು, ಕಳುಹಿಸಿದವರಿಗೆ ವಾಚನಾಲಯದ ವಿಳಾಸವನ್ನು ನಾವೇ ಎಂದಾದರೂ ಕೊಟ್ಟಿದ್ದೇವೆಯೇ ಎಂಬುದನ್ನು. ಪುಸ್ತಕ ತರಿಸಿದ ಪ್ರಕಾಶಕರು, ಕಪಾಟು ಕೊಂಡ ಅಂಗಡಿ, ಕಂಪ್ಯೂಟರ್ ರಿಪೇರಿಯವರು ಇವರೆಲ್ಲ ಗುರುತಿರುವವರು. ಇವರ ಪತ್ರ ಬೇಡವಾದರೆ ಅನ್‌ಸಬ್‌ಸ್ಕ್ರೈಬ್ ಮಾಡುವುದೇ ಸರಿಯಾದ ದಾರಿ. ಗುರುತೇ ಇಲ್ಲದವರ ಪತ್ರದಲ್ಲಿರುವ ಕೊಂಡಿಯನ್ನು ಮಾತ್ರ ಮುಟ್ಟಬಾರದು. ಅಂಥವರು ಎಲ್ಲಿಂದಲೋ ಸಂಗ್ರಹಿಸಿದ ವಿಳಾಸಗಳಿಗೆ ಕಣ್ಣುಮುಚ್ಚಿ ಕಳುಹಿಸುತ್ತಾರೆ, ಅವುಗಳಲ್ಲಿ ಯಾವುದನ್ನು ಮನುಷ್ಯರು ತೆರೆದು ಓದುತ್ತಾರೆಂದು ಅವರಿಗೆ ತಿಳಿದಿರುವುದಿಲ್ಲ. ಕೊಂಡಿ ಒತ್ತಿದೊಡನೆ ಆ ಗುಟ್ಟನ್ನು ನಾವೇ ಬಿಟ್ಟುಕೊಟ್ಟ ಹಾಗಾಗುತ್ತದೆ. ಅಂಥ ಪತ್ರಗಳನ್ನು ಸ್ಪ್ಯಾಮ್ ಎಂದು ವರದಿ ಮಾಡಿದರೆ ಸಾಕು. ವರದಿ ಮಾಡುವಾಗ ಜಿಮೇಲ್ ಕೆಲವೊಮ್ಮೆ ‘ಅನ್‌ಸಬ್‌ಸ್ಕ್ರೈಬ್ ಕೂಡ ಮಾಡಲೇ’ ಎಂದು ಕೇಳುತ್ತದೆ. ಗುರುತಿಲ್ಲದವರಾದರೆ ವರದಿಯನ್ನಷ್ಟೇ ಆರಿಸಿಕೊಳ್ಳಿ.

ಗುರುತಿರುವವರ ಪತ್ರದಲ್ಲೂ ಅಡಿಯ ಸಣ್ಣಕ್ಷರದ ಕೊಂಡಿಗಿಂತ, ಕಳುಹಿಸಿದವರ ಹೆಸರಿನ ಪಕ್ಕದಲ್ಲಿ ಜಿಮೇಲ್ ತಾನೇ ತೋರಿಸುವ ಗುಂಡಿಯನ್ನು ಬಳಸುವುದು ಮೇಲು. ಪ್ರತಿ ಇಮೇಲಿಗೂ ನಮ್ಮ ಕಣ್ಣಿಗೆ ಬೀಳದ ಹೆಡರ್ ಎಂಬ ಭಾಗವಿರುತ್ತದೆ. ಪಟ್ಟಿಯಿಂದ ಹೊರಬರುವ ವಿಳಾಸವನ್ನು ಅದರಲ್ಲಿ ನಮೂದಿಸುವ ಪದ್ಧತಿ 1998ರಿಂದಲೂ ಇದೆ, ಒಂದೇ ಬಾರಿ ಒತ್ತಿದರೆ ಮುಗಿಯುವಂಥ ಮಾನದಂಡ 2017ರಲ್ಲಿ ಬಂತು. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳುಹಿಸುವವರು ತಮ್ಮ ಪ್ರಚಾರದ ಪತ್ರಗಳಲ್ಲಿ ಈ ವ್ಯವಸ್ಥೆ ಇಡಲೇಬೇಕು ಮತ್ತು ಕೋರಿಕೆಯನ್ನು ಎರಡು ದಿನಗಳೊಳಗೆ ನಡೆಸಿಕೊಡಬೇಕು ಎಂದು ಗೂಗಲ್ 2024ರಲ್ಲಿ ಕಡ್ಡಾಯ ಮಾಡಿತು. ಯಾಹೂ ಕೂಡ ಇಂಥದೇ ನಿಯಮ ತಂದಿತು. ಹೀಗೆ ಒತ್ತಿದಾಗ ಕೋರಿಕೆಯನ್ನು ಜಿಮೇಲೇ ಕಳುಹಿಸುವುದರಿಂದ ನಾವು ಅವರ ವೆಬ್‌ಸೈಟಿಗೆ ಕಾಲಿಡಬೇಕಾಗಿಲ್ಲ. ಭಾಷೆಯ ತೊಡಕೂ ಇಲ್ಲಿಯೇ ಪರಿಹಾರವಾಗುತ್ತದೆ: ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದು ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ, ಪತ್ರ ಯಾವ ಭಾಷೆಯಲ್ಲಿದ್ದರೂ ಗುಂಡಿ ಕನ್ನಡದಲ್ಲೇ ಕಾಣಿಸುತ್ತದೆ.

ಒಂದು ವೇಳೆ ಗುಂಡಿ ಒತ್ತಿದಾಗ ‘ವೆಬ್‌ಸೈಟಿಗೆ ಹೋಗಿ’ ಎಂದು ಬಂದರೆ ಸ್ವಲ್ಪ ತಡೆದು ನೋಡಿ. ತೆರೆದುಕೊಂಡ ಪುಟ ಪಾಸ್‌ವರ್ಡ್, ಓಟಿಪಿ, ಆಧಾರ್ ಸಂಖ್ಯೆ ಇವುಗಳಲ್ಲಿ ಯಾವುದನ್ನು ಕೇಳಿದರೂ ಮುಚ್ಚಿಬಿಡಿ. ಪಟ್ಟಿಯಿಂದ ಹೆಸರು ತೆಗೆಯಲು ಇಮೇಲ್ ವಿಳಾಸಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಉತ್ತರ – ಮುಳ್ಳೇರಿಯದಿಂದ

ಮೇಲಿನ ವಿವರಣೆಗೆ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಗುರುತಿನವರ ಹೆಸರನ್ನೇ ಹೊತ್ತು ಬರುವ ಮೋಸದ ಪತ್ರಗಳೂ ಇವೆ, ಮತ್ತು ನಮ್ಮ ಕಡೆಯ ಹಿರಿಯರಿಗೆ ಹೆಚ್ಚು ತೊಂದರೆಯಾಗುತ್ತಿರುವುದು ಇವುಗಳಿಂದಲೇ ಎಂದು ನನಗೆ ಅನ್ನಿಸುತ್ತದೆ. ಬ್ಯಾಂಕಿನ ಖಾತೆ ಸ್ಥಗಿತವಾಗಿದೆ, ಆದಾಯ ತೆರಿಗೆಯ ರೀಫಂಡ್ ಬಾಕಿಯಿದೆ ಎಂದು ಹೆದರಿಸುವ ಪತ್ರ ಬಂದರೆ ಹೆಸರನ್ನು ನೋಡದೆ, ಹೆಸರಿನ ಹಿಂದಿರುವ ಪೂರ್ಣ ಇಮೇಲ್ ವಿಳಾಸವನ್ನು ನೋಡಬೇಕು. ಮೊಬೈಲಿನಲ್ಲಿ ಕೊಂಡಿಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಅದು ಎಲ್ಲಿಗೆ ಒಯ್ಯುತ್ತದೆಂದು ತೆರೆಯುವ ಮೊದಲೇ ಕಾಣಿಸುತ್ತದೆ. ಬ್ಯಾಂಕುಗಳು ತಮ್ಮ ವೆಬ್‌ಸೈಟುಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಆದ್ದರಿಂದ ಬೇರೆ ರೀತಿ ಕೊನೆಗೊಳ್ಳುವ ಕೊಂಡಿಯನ್ನು ಸಂಶಯದಿಂದಲೇ ನೋಡಿ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಸುತ್ತೋಲೆಗಳ ವಿಷಯಕ್ಕೆ ಬಂದರೆ, ಲೈಬ್ರರಿ ಕೌನ್ಸಿಲ್ ಮತ್ತು ಪಂಚಾಯತಿನ ವಿಳಾಸಗಳಿಗೆ ಜಿಮೇಲಿನಲ್ಲಿ ಒಂದು ಫಿಲ್ಟರ್ (ಬರುವ ಪತ್ರಗಳನ್ನು ತಾನಾಗಿ ವಿಂಗಡಿಸುವ ಏರ್ಪಾಡು) ಮಾಡಿ, ‘ಎಂದಿಗೂ ಸ್ಪ್ಯಾಮಿಗೆ ಕಳುಹಿಸಬೇಡ’ ಎಂಬ ಆಯ್ಕೆಯನ್ನು ಗುರುತು ಹಾಕಿ, ಅವಕ್ಕೆ ಪ್ರತ್ಯೇಕ ಲೇಬಲ್ ಕೊಡಿ. ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದ ಪತ್ರಗಳು 30 ದಿನಗಳ ನಂತರ ತಾವಾಗಿ ಅಳಿಸಿಹೋಗುತ್ತವೆ, ಹಾಗಾಗಿ ವಾರಕ್ಕೊಮ್ಮೆಯಾದರೂ ಅದನ್ನು ತೆರೆದು ನೋಡುವುದು ಒಳ್ಳೆಯದು.

ಬದಿಯಡ್ಕದ ಟೀಚರ್

ಇಬ್ಬರಿಗೂ ಧನ್ಯವಾದಗಳು. ಕನ್ನಡದ ಗುಂಡಿ ಕಾಣಿಸಿತು, ಫಿಲ್ಟರನ್ನೂ ಮಾಡಿದೆ. ಇನ್ನೊಂದು ಸಂದೇಹವಿದೆ: ಬೇಡದ ಕರೆಗಳ ಬಗ್ಗೆ 1909 ಎಂಬ ಫೋನ್ ಸಂಖ್ಯೆಗೆ ದೂರು ಕೊಡುವ ಹಾಗೆ ಇಮೇಲಿಗೂ ಕಾನೂನಿನ ಆಸರೆ ಇದೆಯೇ?

ಉತ್ತರ – ಕಾಸರಗೋಡಿನ ವಕೀಲ

1909ರ ವ್ಯವಸ್ಥೆ ಕರೆಗಳಿಗೆ ಮತ್ತು ಎಸ್ಸೆಮ್ಮೆಸ್ಸುಗಳಿಗೆ ಸೀಮಿತವಾದದ್ದು. ಅದಕ್ಕೆ ಆಧಾರವಾದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿ ಇಮೇಲಿಗೆ ಅನ್ವಯಿಸುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿ ಕಿರಿಕಿರಿ ಮಾಡುವ ಇಮೇಲುಗಳ ಪ್ರಸ್ತಾಪವಿತ್ತಾದರೂ, ಆ ಕಲಮು ವಾಕ್‌ಸ್ವಾತಂತ್ರ್ಯವನ್ನು ಮೊಟಕುಗೊಳಿಸುತ್ತದೆಂದು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಅದನ್ನು ಪೂರ್ತಿಯಾಗಿ ರದ್ದುಪಡಿಸಿತು. ತೀರ್ಪು ನ್ಯಾಯವಾದದ್ದೇ, ಆದರೆ ಬೇಡದ ಇಮೇಲುಗಳಿಗೆಂದೇ ಒಂದು ಪ್ರತ್ಯೇಕ ಕಾನೂನು ಆಮೇಲೆ ನಮ್ಮಲ್ಲಿ ಬರಲಿಲ್ಲ.

ಈಗ ನಂಬಿಕೆ ಇಡಬಹುದಾದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೇಲೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು ಎಂದು ಅದು ಹೇಳುತ್ತದೆ. ಗಡಿನಾಡಿನ ನಮಗೆ ಅದರಲ್ಲಿ ಇನ್ನೂ ಮುಖ್ಯವಾದ ಮಾತೊಂದಿದೆ: ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ವ್ಯಕ್ತಿಗೆ ಕೊಡಬೇಕು. ಕನ್ನಡ ಆ ಅನುಸೂಚಿಯಲ್ಲಿದೆ, ಮತ್ತು ಈ ಹಕ್ಕು ನಾವು ಯಾವ ರಾಜ್ಯದಲ್ಲಿ ವಾಸಿಸುತ್ತೇವೆ ಎಂಬುದನ್ನು ಅವಲಂಬಿಸಿಲ್ಲ. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದಿದ್ದು, ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಕಾಯ್ದೆ ರಕ್ಷಿಸುವುದು ವ್ಯಕ್ತಿಗಳ ದತ್ತಾಂಶವನ್ನಾದ್ದರಿಂದ, ವಾಚನಾಲಯದ ಸಂಸ್ಥೆಯ ವಿಳಾಸಕ್ಕಿಂತ ಅಲ್ಲಿಗೆ ಬರುವ ಓದುಗರ ಸ್ವಂತ ಖಾತೆಗಳಿಗೆ ಇದರ ಪ್ರಯೋಜನ ಹೆಚ್ಚು. ಅಕ್ಷಯ ಕೇಂದ್ರದಲ್ಲೋ ಅಂಗಡಿಯಲ್ಲೋ ಅರ್ಜಿ ತುಂಬುವಾಗ ಜಾಹೀರಾತಿನ ಚೌಕಕ್ಕೆ ಗುರುತು ಹಾಕುವ ಮೊದಲು ಅದರಲ್ಲಿ ಏನು ಬರೆದಿದೆಯೆಂದು ಕೇಳಿ ತಿಳಿದುಕೊಳ್ಳಲು ಅವರಿಗೆ ದಯವಿಟ್ಟು ಹೇಳಿ, ಟೀಚರ್.