ಹೊಸ ಡಿಸ್ಕ್‌ಗೆ ಉಬುಂಟು ಸಾಗಿಸಿದೆ, ಹಳೇದು ತೆಗೆದರೆ ಬೂಟ್ ಆಗುತ್ತಿಲ್ಲ

ಪ್ರಶ್ನೆ: ಹಳೇ ಹಾರ್ಡ್ ಡಿಸ್ಕ್‌ನಲ್ಲಿದ್ದ ಉಬುಂಟು ಲಿನಕ್ಸನ್ನು ಆರ್‌ಸಿಂಕ್ ಅನ್ನೋ ಫೈಲ್ ಕಾಪಿ ಟೂಲ್‌ನಲ್ಲಿ ಹೊಸ ಎಸ್‌ಎಸ್‌ಡಿಗೆ ಕಾಪಿ ಮಾಡಿ, ಬೂಟ್ ಶುರು ಮಾಡುವ ಗ್ರಬ್ ಕೂಡ ಹಾಕಿದ್ದೇನೆ. ರೂಟ್ (ಸಿಸ್ಟಮ್ ಫೈಲುಗಳು) ಬೇರೆ, ಹೋಮ್ (ನನ್ನ ಫೈಲುಗಳು) ಬೇರೆ ಪಾರ್ಟಿಷನ್. ಎರಡೂ ಡಿಸ್ಕ್ ಇದ್ದಾಗ ಆರಾಮಾಗಿ ಬೂಟ್ ಆಗುತ್ತದೆ. ಹಳೇದರ ಕೇಬಲ್ ತೆಗೆದರೆ ಒಂದೂವರೆ ನಿಮಿಷ ಸುಮ್ನೆ ನಿಂತು, ಎಮರ್ಜೆನ್ಸಿ ಮೋಡ್‌ಗೆ (ರಿಪೇರಿಗೆಂದು ಬರೀ ಕಮಾಂಡ್ ಕೊಡುವ ಪರದೆ) ಬೀಳುತ್ತದೆ. ಯಾರಿಗಾದರೂ ಹೀಗಾಗಿದೆಯಾ?

ಉತ್ತರ: ಆ ಒಂದೂವರೆ ನಿಮಿಷವೇ ಸುಳಿವು ಸರ್. ಬೂಟ್ ನಡೆಸುವ ಸಿಸ್ಟಮ್‌ಡಿ ಒಂದು ಡಿಸ್ಕ್ ಕಾಣಿಸಲಿ ಅಂತ ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಕೈಚೆಲ್ಲುತ್ತದೆ. ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕು ಅಂತ ಹೇಳುವ, ಇಟಿಸಿ ಫೋಲ್ಡರ್‌ನ ಎಫ್‌ಎಸ್‌ಟ್ಯಾಬ್ ಫೈಲೂ ಇದ್ದ ಹಾಗೇ ಕಾಪಿಯಾಗಿದೆ, ಅಲ್ವಾ? ಅದರಲ್ಲಿರುವುದು ಹಳೇ ಹೋಮ್‌ನ ಯುಯುಐಡಿ, ಅಂದರೆ ಆ ಪಾರ್ಟಿಷನ್‌ನ ಗುರುತಿನ ಸಂಖ್ಯೆ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಪಾರ್ಟಿಷನ್‌ಗೆ ಬೇರೆಯೇ ಯುಯುಐಡಿ ಇರುತ್ತದೆ. ಮನೆ ಬದಲಾಯಿಸಿದ ಮೇಲೂ ಹಳೇ ವಿಳಾಸಕ್ಕೇ ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ ಹಾಗೆ.

ತಿದ್ದುವ ಮೊದಲು ಇನ್ನೊಂದು ನೋಡಿ. ಎರಡೂ ಡಿಸ್ಕ್ ಹಾಕಿ ಬೂಟ್ ಮಾಡಿ, 'ಫೈಂಡ್‌ಎಂಎನ್‌ಟಿ' ಕಮಾಂಡ್ ಕೊಟ್ಟು ಹೋಮ್ ಎಲ್ಲಿಂದ ಮೌಂಟ್ ಆಗಿದೆ (ಯಾವ ಪಾರ್ಟಿಷನ್ ಜೋಡಣೆಯಾಗಿದೆ) ಅಂತ ಕೇಳಿ. ಹಳೇ ಡಿಸ್ಕ್‌ನ ಹೆಸರು ಬಂದರೆ, ಕಾಪಿ ಆದ ಮೇಲೆ ನೀವು ಉಳಿಸಿದ ಫೈಲುಗಳೆಲ್ಲ ಹಳೇದರಲ್ಲೇ ಕೂತಿವೆ!

ಪ್ರಶ್ನೆ ಕೇಳಿದವರು: ಹೌದು ಸರ್, ಎಸ್‌ಡಿಎ2 ಅಂತ ಬಂತು. ಅದು ಹಳೇದೇ. ಈಗ?

ಉತ್ತರ: ಗಾಬರಿ ಬೇಡ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ. ಹಳೇ ಹೋಮ್‌ನಿಂದ ಹೊಸ ಹೋಮ್‌ಗೆ ಇನ್ನೊಮ್ಮೆ ಆರ್‌ಸಿಂಕ್ ಓಡಿಸಿ, ಬದಲಾದದ್ದು ಮಾತ್ರ ಬರುತ್ತದೆ. ಮೂಲದ ಹೆಸರಿನ ಕೊನೆಗೆ ಸ್ಲ್ಯಾಷ್ ಹಾಕುವುದು ಮರೆಯಬೇಡಿ, ಇಲ್ಲದಿದ್ದರೆ ಹೋಮ್ ಒಳಗೆ ಇನ್ನೊಂದು ಹೋಮ್ ಹುಟ್ಟುತ್ತದೆ. ಚಿಕ್ಕ ಎ ಆಪ್ಷನ್ ಒಂದೇ ಸಾಲದು. ಅದು ಹಾರ್ಡ್ ಲಿಂಕ್ (ಒಂದೇ ಫೈಲಿಗಿರುವ ಹೆಚ್ಚಿನ ಹೆಸರು), ಎಸಿಎಲ್ (ಹೆಚ್ಚುವರಿ ಪರ್ಮಿಷನ್ ಪಟ್ಟಿ), ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ (ಫೈಲಿಗೆ ಅಂಟಿಸಿದ ಹೆಚ್ಚುವರಿ ಮಾಹಿತಿ) ಮೂರನ್ನೂ ಬಿಟ್ಟುಬಿಡುತ್ತದೆ. ಅವಕ್ಕೆ ದೊಡ್ಡಕ್ಷರದ ಎಚ್, ಎ, ಎಕ್ಸ್ ಸೇರಿಸಿ.

ಆಮೇಲೆ 'ಬಿಎಲ್‌ಕೆಐಡಿ' ಕೊಟ್ಟು ಹೊಸ ಯುಯುಐಡಿ ನೋಡಿಕೊಂಡು, ಹೊಸ ಡಿಸ್ಕ್‌ನಲ್ಲಿರುವ ಎಫ್‌ಎಸ್‌ಟ್ಯಾಬ್ ತಿದ್ದಿ. ರೂಟ್ ಸಾಲನ್ನೂ ನೋಡಿ. ಸ್ವಾಪ್ ಪಾರ್ಟಿಷನ್ (ರ್‍ಯಾಮ್ ಸಾಲದಾಗ ಬಳಸುವ ಜಾಗ) ಇದ್ದರೆ ಅದರ ಸಾಲನ್ನೂ ಬದಲಿಸಿ. ಸ್ವಾಪ್ ಸಿಗದಿದ್ದರೆ ಬೂಟ್ ತಡವಾಗುತ್ತದೆ ಅಷ್ಟೇ, ಹೋಮ್ ಸಿಗದಿದ್ದರೆ ಎಮರ್ಜೆನ್ಸಿ ಮೋಡ್. ನಿಮ್ಮದು ಎರಡನೇದು.

ಇನ್ನೊಬ್ಬರು: 'ಡಿಡಿ' ಕಮಾಂಡ್‌ನಲ್ಲಿ ಇಡೀ ಡಿಸ್ಕ್ ಕ್ಲೋನ್ ಮಾಡಿದರೆ ಇದರ ಉಲ್ಟಾ ಕಥೆ. ಎರಡಕ್ಕೂ ಒಂದೇ ಯುಯುಐಡಿ ಬರುತ್ತದೆ. ಎರಡನ್ನೂ ಸಿಕ್ಕಿಸಿ ಬೂಟ್ ಮಾಡಿದರೆ ಯಾವುದು ಮೌಂಟ್ ಆಗುತ್ತದೋ ಹೇಳಲಾಗದು. ಕ್ಲೋನ್ ಮುಗಿದ ತಕ್ಷಣ ಒಂದನ್ನು ಬಿಚ್ಚಿಡಿ. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ವಾಸಿ, ಅದೇ ಯುಯುಐಡಿಯ ಎರಡನೇದನ್ನು ಮೌಂಟ್ ಮಾಡಲು ಒಪ್ಪುವುದೇ ಇಲ್ಲ.

ಮತ್ತೊಬ್ಬರು: ನಮ್ಮ ಆಫೀಸಿನ ಒಂದು ಮಶೀನ್‌ನಲ್ಲಿ ಬ್ಯಾಕಪ್‌ನಿಂದ ರಿಸ್ಟೋರ್ ಆದ ಮೇಲೆ ಸುಡೋನೇ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಟೂಲ್) ಕೆಲಸ ಮಾಡಲಿಲ್ಲ. ಸುಡೋ ಫೈಲ್ ರೂಟ್ ಅನ್ನೋ ಅಡ್ಮಿನ್ ಬಳಕೆದಾರನ ಒಡೆತನದಲ್ಲಿರಬೇಕು, ಸೆಟ್‌ಯುಐಡಿ ಬಿಟ್ (ಯಾರು ಓಡಿಸಿದರೂ ಒಡೆಯನ ಅಧಿಕಾರದಲ್ಲಿ ಓಡಿಸುವ ಗುರುತು) ಇರಬೇಕು ಅಂತ ಎರರ್. ಹುಡುಕಿದರೆ, ಬ್ಯಾಕಪ್ ಇದ್ದದ್ದು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನ ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿ. ಅಲ್ಲಿ ಲಿನಕ್ಸ್ ಓನರ್, ಪರ್ಮಿಷನ್ ಯಾವುದೂ ಉಳಿಯುವುದಿಲ್ಲ. ಫೋಟೋ, ಸಿನಿಮಾಗೆ ತೊಂದರೆಯಿಲ್ಲ, ಸಿಸ್ಟಮ್‌ಗೆ ಆಗುವುದಿಲ್ಲ. ಅಂಥ ಡ್ರೈವ್ ಒಂದೇ ಇದ್ದರೆ ಬಿಡಿ ಫೈಲುಗಳ ಬದಲು ರೂಟ್ ಬಳಕೆದಾರನಾಗಿ ಎಲ್ಲವನ್ನೂ ಒಂದೇ ಟಾರ್ ಫೈಲಿನಲ್ಲಿ ಕಟ್ಟಿ ಇಡಿ, ಪರ್ಮಿಷನ್ ಅದರೊಳಗೇ ಇರುತ್ತದೆ. ಫ್ಯಾಟ್32 ಆದರೆ ಒಂದು ಫೈಲ್ 4 ಜಿಬಿ ಮೀರುವ ಹಾಗಿಲ್ಲ, ತುಂಡು ಮಾಡಬೇಕು.

ಮೊದಲು ಉತ್ತರಿಸಿದವರು: ಒಂದು ಸೇರಿಸುತ್ತೇನೆ. ಹಳೇ ಡಿಸ್ಕ್ ಕಟಕಟ ಅನ್ನುತ್ತಿದ್ದರೆ, ಅಥವಾ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ಜಾಗ) ಜಾಸ್ತಿಯಾಗುತ್ತಿದ್ದರೆ ಆರ್‌ಸಿಂಕ್ ಬೇಡ. 'ಡಿಡಿರೆಸ್ಕ್ಯೂ' ಬಳಸಿ. ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕಮಾಂಡ್‌ನಲ್ಲಿ ಮೊದಲು ಹಳೇ ಡಿಸ್ಕ್‌ನ ಹೆಸರು, ನಂತರ ಹೊಸದರದ್ದು, ಕೊನೆಗೆ ಮ್ಯಾಪ್ ಫೈಲ್. ಈ ಕ್ರಮವನ್ನು ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ಓದಿ.