ಸತ್ತವರ ಸಲಹೆ

ಮೊದಲು ಸತ್ತವನು ನಾನೇ. ರೌಂಡ್ ಶುರುವಾಗಿ ಹತ್ತು ಸೆಕೆಂಡೂ ಆಗಿರಲಿಲ್ಲ. ಕಂಪ್ಯೂಟರ್ ಆಟದ ಅಖಾಡ ಡಸ್ಟ್ 2ರ ನಡುವಿನ ಜೋಡಿ ಬಾಗಿಲ ಸಂದಿಯಲ್ಲಿ ಸುಮ್ನೆ ಇಣುಕಿದೆ, ಅಷ್ಟೆ. ಆ ಕಡೆ ಯಾರೋ ಎಡಬ್ಲ್ಯೂಪಿ ಅನ್ನೋ ದೂರಗುರಿ ಬಂದೂಕು ಹಿಡಿದು ಅದೇ ಸಂದಿಗೆ ಕಣ್ಣಿಟ್ಟು ಕೂತಿದ್ದ. ಢಂ ಅಂತು. ಮಲಗಿಬಿಟ್ಟೆ.

"ಇಪ್ಪತ್ತು ವರ್ಷದ ಹಿಂದೆಯೂ ನೀನು ಅಲ್ಲೇ ಸಾಯ್ತಿದ್ದೆ," ಅಂದಳು ಪದ್ಮ.

"ಜಾಗ ಬದಲಾಯಿಸೋಕೆ ಮನಸ್ಸು ಬರಲ್ಲ ಕಣೇ," ಅಂದೆ.

ನಾಲ್ವರು ಹಳೇ ಗೆಳೆಯರು ಮತ್ತೆ ಕೌಂಟರ್-ಸ್ಟ್ರೈಕ್ 1.6 ಅನ್ನೋ ಗುಂಡಿನ ಆಟ ಆಡಲು ಕೂತಿದ್ದೆವು. ಕಂಪ್ಯೂಟರಿನಲ್ಲಿ ಆಟ, ಪಕ್ಕದಲ್ಲಿ ಫೋನ್ ಕಾಲ್. ಎದುರಿನ ನಾಲ್ವರು ಯಾರೋ ಏನೋ ಗೊತ್ತಿಲ್ಲ. ಬಂದೂಕು ಕೊಳ್ಳುವುದು ಹೇಗೆ ಅನ್ನುವುದು ನನ್ನ ತಲೆಗೆ ಮರೆತೇ ಹೋಗಿತ್ತು. ಎಡಗೈಗೆ ಮಾತ್ರ ನೆನಪಿತ್ತು. ಬಿ, 4, 3 ಅಂತ ಬೆರಳು ತಾನಾಗಿ ಓಡಿತು, ಎಂ4 ಕೈಗೆ ಬಂತು. ಅಲ್ಪವಿರಾಮ ಒತ್ತಿದರೆ ದೊಡ್ಡ ಬಂದೂಕಿಗೆ ಗುಂಡು, ಪೂರ್ಣವಿರಾಮ ಒತ್ತಿದರೆ ಪಿಸ್ತೂಲಿಗೆ. ಮೌಸಿನ ಬಲಗುಂಡಿ ಒತ್ತಿದೆ, ಸೈಲೆನ್ಸರ್ ತಿರುಗಿ ತಿರುಗಿ ಕೂತಿತು. ಬ್ಯಾಂಕಿನ ಪಿನ್ ಎಷ್ಟು ಸಲ ಮರೆತಿದ್ದೇನೋ, ಇದು ಮರೆತಿಲ್ಲ. ಇಷ್ಟೆಲ್ಲ ಸಿಂಗಾರ ಮಾಡಿಕೊಂಡು ಹೋಗಿದ್ದು ಆ ಸಂದಿಯಲ್ಲಿ ಒಂದು ಗುಂಡಿಗೆ ಸಾಯಲು.

ಎರಡನೆಯವನು ರಾಘು.

"ಲೋ, ನಾನು ಗೋಡೆ ಹಿಂದೆ ಬಂದುಬಿಟ್ಟಿದ್ದೆ ಕಣೋ! ಪೂರ್ತಿ ಬಂದಿದ್ದೆ! ಇದು ಮೋಸ!"

"ನೆಟ್ಟು ನಿಧಾನ, ಪಿಂಗ್ ಅನ್ನು, ಮುಗಿಸು," ಅಂದೆ. ಅವನು ಯಾವತ್ತೂ ತನ್ನ ತಪ್ಪಿಗೆ ಸತ್ತವನಲ್ಲ.

ಪದ್ಮ ಮಾತ್ರ ಸಮಾಧಾನವಾಗಿ ಬಿಡಿಸಿ ಹೇಳಿದಳು. "ನೀನು ಗೋಡೆ ಹಿಂದೆ ಬಂದಿದ್ದೆ, ನಿಜ. ಆದ್ರೆ ಅವನು ಗುಂಡು ಹಾರಿಸಿದಾಗ ಅವನ ಪರದೆ ಮೇಲೆ ನೀನು ಇನ್ನೂ ಹೊರಗೇ ಇದ್ದೆ. ಸರ್ವರ್ ಒಂಚೂರು ಹಿಂದಿನ ಕಾಲಕ್ಕೆ ಹೋಗಿ, ಹೊಡೆದವನಿಗೆ ಏನು ಕಾಣ್ತಿತ್ತು ಅಂತ ನೋಡುತ್ತೆ. ಆಮೇಲೆ ತೀರ್ಪು."

"ಅಂದ್ರೆ ಬದುಕಿ ಬಂದ ಮೇಲೆ ಹಳೇ ಬಾಕಿಗೆ ಸತ್ತೆ ಅನ್ನು."

"ಹೂಂ. ಬಡ್ಡಿ ಹಾಕಿಲ್ಲ, ಖುಷಿಪಡು."

ಅಷ್ಟು ಹೇಳಿ ಅವಳು ಬೆಳಕಿನಿಂದ ಕಣ್ಣು ಕುರುಡು ಮಾಡೋ ಫ್ಲ್ಯಾಷ್‌ಬ್ಯಾಂಗ್ ಎಸೆದಳು. ಅದು ಗೋಡೆಗೆ ಬಡಿದು ಅವಳ ಕಾಲ ಬುಡಕ್ಕೇ ವಾಪಸ್ ಬಂತು. ಪರದೆ ಬೆಳ್ಳಗಾಯಿತು. ಬಣ್ಣ ಮರಳುವಷ್ಟರಲ್ಲಿ ಅವಳೂ ನಮ್ಮ ಜೊತೆ ಇದ್ದಳು. ಯಾರೂ ನಗಲಿಲ್ಲ. ಸುಳ್ಳು, ಇಬ್ಬರೂ ನಕ್ಕೆವು.

ಇನ್ನು ಉಳಿದವನು ಮಂಜ. ಶತ್ರುಗಳು ಬಾಂಬ್ ಇಡೋಕೆ ಬರೋ ಎರಡು ಜಾಗಗಳಲ್ಲಿ ಒಂದಾದ ಬಿ ಸೈಟಿನ ಪೆಟ್ಟಿಗೆಗಳ ಹಿಂದೆ ಅವನು ಎಡಬ್ಲ್ಯೂಪಿ ತಬ್ಬಿಕೊಂಡು ಮುದುರಿ ಕೂತಿದ್ದ. ಮೊದಲಿಂದಲೂ ಅವನ ಆಟ ಅಷ್ಟೇ. ಶತ್ರು ತಾನಾಗಿ ಬಂದು ಬಾಗಿಲು ತಟ್ಟಬೇಕು.

ಈ ಆಟದಲ್ಲಿ ಸತ್ತರೆ ರೌಂಡ್ ಮುಗಿಯುವವರೆಗೂ ಬದುಕಿಲ್ಲ. ಬದುಕಿರುವವನ ಕಣ್ಣಿಂದ ನೋಡುತ್ತಾ ಕೂರಬೇಕು. ಈಗಿನ ಎಷ್ಟೋ ಆಟಗಳಲ್ಲಿ ಸತ್ತ ಮರುಗಳಿಗೆಗೆ ಎದ್ದು ಮತ್ತೆ ಓಡಬೇಕು, ಬೈಯೋಕೂ ಪುರುಸೊತ್ತಿಲ್ಲ. ಇಲ್ಲಿ ಹಾಗಲ್ಲ. ನಾವು ಆ ಕಾಲದಲ್ಲಿ ಗೆಳೆಯರಾಗಿದ್ದೇ ಹೀಗೆ ಸತ್ತು ಕೂತಾಗ ಅಂತ ನನ್ನ ಗುಮಾನಿ. ಬದುಕಿದ್ದಾಗ ಯಾರು ಯಾರನ್ನ ಮಾತಾಡಿಸ್ತಿದ್ದರು?

"ಎಂಥ ದೊಡ್ಡ ಕಂಪನಿ ತಲೆ ಓಡಿಸಿ ಮಾಡಿರಬೇಕು ಇದನ್ನ," ಅಂದ ರಾಘು.

"ಕಂಪನಿ ಎಲ್ಲಿತ್ತು?" ಅಂದಳು ಪದ್ಮ. "ಇಬ್ಬರು ಹುಡುಗರು. ಮಿನ್ ಲೀ, ಜೆಸ್ ಕ್ಲಿಫ್. ಹಾಫ್-ಲೈಫ್ ಅನ್ನೋ ಆಟದ ಮೇಲೆ 1999ರಲ್ಲಿ ಕಟ್ಟಿದ ಮಾಡ್ ಇದು, ಅಂದ್ರೆ ಇರೋ ಆಟವನ್ನೇ ತಿದ್ದಿ ಮಾಡಿದ ಬೇರೆ ಆಟ. ಹಾಫ್-ಲೈಫ್ ಮಾಡಿದ್ದ ವಾಲ್ವ್ ಕಂಪನಿ ಆಮೇಲೆ ಅವರನ್ನೇ ಕರ್ಕೊಂಡು 2000ದಲ್ಲಿ ಮಾರಾಟಕ್ಕೆ ಬಿಡ್ತು. ನಾವೀಗ ಆಡ್ತಿರೋ 1.6 ಬಂದಿದ್ದು 2003ರಲ್ಲಿ."

"ಬೇರೆಯವರ ಮನೆ ಮೇಲೆ ಮಹಡಿ ಎತ್ತಿ, ಕೊನೆಗೆ ಮನೆಗೇ ಮಹಡಿಯ ಹೆಸರು ಬಂತು ಅನ್ನು," ಅಂದ ರಾಘು.

"ನಿನ್ನ ಆ ಸಂದಿ ಇದೆಯಲ್ಲ," ಪದ್ಮ ಮಾತನ್ನ ನನ್ನ ಕಡೆ ತಿರುಗಿಸಿದಳು, "ಅದನ್ನ ಇಟ್ಟವನು ಈ ಅಖಾಡ ಕಟ್ಟಿದ ಡೇವ್ ಜಾನ್‌ಸ್ಟನ್. 2001ರಿಂದ ಜನ ಅಲ್ಲಿ ಸಾಯ್ತಿದ್ದಾರೆ. ನೀನೊಬ್ಬನೇ ಅಲ್ಲ, ಬೇಜಾರು ಮಾಡ್ಕೋಬೇಡ."

ಅಷ್ಟರಲ್ಲಿ ಬಾಂಬ್ ಇಟ್ಟಾಯಿತು ಅಂತ ಆಟವೇ ಕೂಗಿತು. ಎ ಸೈಟಿನಲ್ಲಿ. ಮಂಜ ಕೂತಿದ್ದು ಬಿ ಸೈಟಿನಲ್ಲಿ.

ಆಟದ ಒಳಗೆ ಒಂದು ಒಳ್ಳೇ ನಿಯಮವಿದೆ. ಸತ್ತವರು ಬರೆದದ್ದು ಬದುಕಿದ್ದವರಿಗೆ ಕಾಣುವುದಿಲ್ಲ. ಸತ್ತವರ ಮಾತು ಸತ್ತವರಿಗೇ. ನಮ್ಮ ಫೋನ್ ಕಾಲಿಗೆ ಈ ನಿಯಮ ಗೊತ್ತಿಲ್ಲ.

"ಚಾಕು ತೆಗಿಯೋ! ಆ ಗುಡಾಣ ಹೊತ್ಕೊಂಡು ಓಡಿದ್ರೆ ಯಾವಾಗ ತಲುಪ್ತೀಯ? ಚಾಕು ಹಿಡಿದ್ರೆ ಕಾಲು ಬೇಗ ಹೋಗುತ್ತೆ!"

"ಮೆತ್ತಗೆ ನಡಿ, ಹೆಜ್ಜೆ ಸದ್ದು ಕೇಳುತ್ತೆ!"

"ಓಡು ಅಂದ್ರೆ ನಡಿ ಅಂತೀಯಲ್ಲೋ, ಬಾಂಬಿಗೆ ಇರೋದೇ 45 ಸೆಕೆಂಡು!"

ಮಂಜ ಓಡಿದ, ನಿಂತ, ನಡೆದ, ಮತ್ತೆ ಓಡಿದ. ಎಲ್ಲರ ಮಾತೂ ಕೇಳುವ ಒಳ್ಳೇ ಹುಡುಗ. ಉಳಿದಿದ್ದ ಒಬ್ಬನೇ ಒಬ್ಬ ಶತ್ರು ಅಡ್ಡ ಬಂದ. ಮಂಜ ಹೆದರಿ ಎಡಬ್ಲ್ಯೂಪಿ ಒತ್ತಿದ. ಗುರಿ ಇಟ್ಟಿದ್ದಲ್ಲ, ಬೆಚ್ಚಿಬಿದ್ದಿದ್ದು. ಎದೆಗೆ ಬಿತ್ತು, ಆಸಾಮಿ ಅಲ್ಲೇ ಉರುಳಿದ.

ಇನ್ನು ಬಾಂಬ್ ಬಿಚ್ಚಿದರೆ ಆಯಿತು. ಮಂಜ ಅದರ ಮುಂದೆ ಬಗ್ಗಿ ಇ ಗುಂಡಿ ಒತ್ತಿ ಹಿಡಿದ.

"ಬಾಂಬ್ ಬಿಚ್ಚೋ ಕಿಟ್ ಇದೆ ತಾನೇ?" ಪದ್ಮ ಮೆಲ್ಲಗೆ ಕೇಳಿದಳು.

"ಯಾವ ಕಿಟ್ಟು?"

ಆಟದ ದುಡ್ಡಲ್ಲಿ 4750 ಡಾಲರ್ ಕೊಟ್ಟು ಎಡಬ್ಲ್ಯೂಪಿ ಕೊಂಡ ಮನುಷ್ಯ 200 ಡಾಲರಿನ ಕಿಟ್ ಕೊಂಡಿರಲಿಲ್ಲ. ಕಿಟ್ ಇದ್ದರೆ 5 ಸೆಕೆಂಡು, ಇಲ್ಲದಿದ್ದರೆ 10. ನಡುವೆ ಬೆರಳು ತೆಗೆದರೆ ಮತ್ತೆ ಮೊದಲಿಂದ.

ಆಮೇಲೆ ಮೂವರೂ ಒಟ್ಟಿಗೆ ಬಾಯಿ ಬಿಟ್ಟೆವು. ರಾಘು "ಕೈ ಬಿಡಬೇಡ" ಅಂದ, ನಾನು "ಕೈ ಬಿಡಬೇಡ" ಅಂದೆ, ಪದ್ಮ "ಸುಮ್ನಿರ್ರೋ, ಅವನು ಕೈ ಬಿಡ್ತಾನೆ" ಅಂದಳು. ಪರದೆಯ ಮೇಲಿನ ಪಟ್ಟಿ ತುಂಬುತ್ತಿತ್ತು. ಅರ್ಧ. ಮುಕ್ಕಾಲು. ಬಾಂಬಿನ ಬೀಪ್ ಬೀಪ್ ಒಂದಕ್ಕೊಂದು ಅಂಟಿಕೊಳ್ಳುವಷ್ಟು ಹತ್ತಿರವಾಗಿತ್ತು.

ಪಟ್ಟಿ ಮಾಯವಾಯಿತು.

"ಏನಾಯ್ತೋ?"

"ನಿಮ್ಮ ಗಲಾಟೆ ತಡೆಯೋಕಾಗ್ಲಿಲ್ಲ, ಫೋನ್ ಸದ್ದು ಕಮ್ಮಿ ಮಾಡೋಕೆ ಹೋದೆ," ಅಂದ ಮಂಜ. ಮುಂದಿನ ಮಾತು ಸ್ಫೋಟದಲ್ಲಿ ಕೇಳಲಿಲ್ಲ.

ಮುಂದಿನ ರೌಂಡಿನಲ್ಲಿ ನಾನು ಬೇರೆ ದಾರಿ ಹಿಡಿಯೋಣ ಅಂತಲೇ ಹೊರಟೆ. ಆ ಜೋಡಿ ಬಾಗಿಲು ಹಾದಿಯಲ್ಲೇ ಸಿಕ್ಕಿತು, ನಾನೇನು ಮಾಡಲಿ? ರಾಘು ಪಿಂಗಿನಿಂದ ಸತ್ತ. ಪದ್ಮ ಹೇಗೆ ಸತ್ತಳು ಅನ್ನುವುದನ್ನು ಇಲ್ಲಿ ಬರೆಯಬಾರದು ಅಂತ ಆಣೆ ಹಾಕಿಸಿದ್ದಾಳೆ.

ಮತ್ತೆ ಮಂಜ ಒಬ್ಬನೇ. ಮತ್ತೆ ಬಾಂಬ್. ನಾವು ಕೂಗಿದೆವು, ಅವನ ಕಡೆಯಿಂದ ಸದ್ದೇ ಇಲ್ಲ. ಆಗ ತಿಳಿಯಿತು, ಪುಣ್ಯಾತ್ಮ ಕಾಲ್ ಕಟ್ ಮಾಡಿದ್ದಾನೆ. ಸದ್ದಿಲ್ಲದೆ ನಡೆದು ಬಂದ, ಹಿಂದಿನಿಂದ ಒಬ್ಬನನ್ನು ಮುಗಿಸಿದ, ಬಾಂಬಿನ ಮುಂದೆ ಬಗ್ಗಿದ. ಪಟ್ಟಿ ಸರಸರನೆ ಓಡಿತು. 5 ಸೆಕೆಂಡು. ಕಿಟ್ ಕೊಂಡಿದ್ದ. ಗೆದ್ದೆವು.

"ಕಿಟ್ಟಿನ ವಿಷಯ ಎತ್ತಿದ್ದು ನಾನು," ಅಂದಳು ಪದ್ಮ.

"ಮೆತ್ತಗೆ ನಡಿ ಅಂದಿದ್ದು ಯಾರು ಹಾಗಾದ್ರೆ?" ಅಂದ ರಾಘು.

ನಾನು ಏನು ಹೇಳಿಕೊಟ್ಟಿದ್ದೆ ಅಂತ ನೆನಪು ಮಾಡಿಕೊಳ್ಳುತ್ತಿದ್ದೆ.