ಮಳೆಗಾಲದಲ್ಲಿ ಹಾಳಾದ ಆರ್‌ಎನ್‌ಎ: ಮಡಿಕೇರಿಯಲ್ಲಿ ಇದನ್ನು ಹೇಗೆ ಉಳಿಸಿಕೊಳ್ಳುವುದು?

ಮಲೆಯ ಏಲಕ್ಕಿ (ಮಡಿಕೇರಿ):
ಏಲಕ್ಕಿಯ ಕಟ್ಟೆ ರೋಗವನ್ನು ಆರ್‌ಟಿ-ಪಿಸಿಆರ್ ಮೂಲಕ ಪತ್ತೆ ಮಾಡುವುದು ನನ್ನ ಕೆಲಸ. ಅದರ ವೈರಸ್ ಆರ್‌ಎನ್‌ಎ ವೈರಸ್. ಹಾಗಾಗಿ ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತಿಳಿಯಲು ಹೋಲಿಕೆಗೂ (ಪಾಸಿಟಿವ್ ಬರಲೇಬೇಕಾದ ಮಾದರಿಗೂ) ಆರ್‌ಎನ್‌ಎಯೇ ಬೇಕು. ಅದನ್ನು ತಯಾರಿಸಲು ವೈರಸ್ಸಿನ ಹೊದಿಕೆ ಪ್ರೋಟೀನಿನ ಜೀನ್ ಇರುವ ಪ್ಲಾಸ್ಮಿಡ್ಡನ್ನು (ಉಂಗುರದಂಥ ಡಿಎನ್‌ಎ) ಕತ್ತರಿಸಿ, ಡಿಎನ್‌ಎಯಿಂದ ಆರ್‌ಎನ್‌ಎ ಮಾಡುವ ಕಿಣ್ವ ಟಿ7 ಪಾಲಿಮರೇಸ್ ಹಾಕಿ 37 ಡಿಗ್ರಿಯಲ್ಲಿ 2 ಗಂಟೆ ಇಟ್ಟೆ. ಆಮೇಲೆ ಉಳಿದ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ 15 ನಿಮಿಷ, ಅದನ್ನು ನಿಲ್ಲಿಸಲು 75 ಡಿಗ್ರಿಯಲ್ಲಿ 10 ನಿಮಿಷ. ಅಷ್ಟನ್ನೂ ಒಂದೇ ಟ್ಯೂಬಿನಲ್ಲಿ ಮೈನಸ್ 20ರಲ್ಲಿಟ್ಟೆ. ಕಕ್ಕಡ ಮಾಸದ (ಜುಲೈ-ಆಗಸ್ಟ್) ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಈಗ ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಬ್ಯಾಂಡೇ ಇಲ್ಲ, ಮಾದರಿ ಹಾಕುವ ಬಾವಿಯಿಂದ ಕೆಳಗಿನವರೆಗೂ ಹೊಗೆಯಂತೆ ಹರಡಿಕೊಂಡಿದೆ. ಎಲೆ ಕೊಟ್ಟ ಬೆಳೆಗಾರರು ಗಿಡ ಕೀಳಬೇಕೋ ಬೇಡವೋ ಎಂದು ಕೇಳುತ್ತಿದ್ದಾರೆ. ಹೋಲಿಕೆಯೇ ಕೈಕೊಟ್ಟಿರುವಾಗ ರೋಗವಿಲ್ಲ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹಳೆಯ ಪಿಪೆಟ್:
ಕರೆಂಟ್ ಹೋಗುವ ಮೊದಲೇ ಅರ್ಧ ಹಾನಿ ಆಗಿರಬೇಕು. ಆ ಮಿಶ್ರಣದಲ್ಲಿ ಮೆಗ್ನೀಸಿಯಮ್ ತುಂಬ ಇರುತ್ತದೆ. ಅದರ ಜೊತೆ ಬಿಸಿ ಸೇರಿದರೆ ಆರ್‌ಎನ್‌ಎ ತಾನಾಗಿಯೇ ತುಂಡಾಗುತ್ತದೆ. ಬಿಸಿ ಮಾಡಲೇಬೇಕಿದ್ದರೆ ಮೊದಲು ಮೆಗ್ನೀಸಿಯಮ್ಮನ್ನು ಹಿಡಿದಿಡುವ ಇಡಿಟಿಎ ಸೇರಿಸಿ. ನಾನಂತೂ ಬಿಸಿಯನ್ನೇ ಬಿಟ್ಟಿದ್ದೇನೆ: 20 ಮೈಕ್ರೋಲೀಟರಿಗೆ 30 ನೀರು, 30 ಲಿಥಿಯಂ ಕ್ಲೋರೈಡ್ (7.5 ಮೋಲಾರ್), ಮೈನಸ್ 20ರಲ್ಲಿ ಅರ್ಧ ಗಂಟೆ, ಆಮೇಲೆ 4 ಡಿಗ್ರಿಯಲ್ಲಿ ಪೂರ್ಣ ವೇಗದಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್. ಆರ್‌ಎನ್‌ಎ ತಳದಲ್ಲಿ ಪೆಲೆಟ್ ಆಗಿ ಕೂರುತ್ತದೆ; ಪ್ರೋಟೀನು, ಆರ್‌ಎನ್‌ಎಯ ಘಟಕಗಳಾದ ಬಿಡಿ ನ್ಯೂಕ್ಲಿಯೋಟೈಡುಗಳು ಬಹುಪಾಲು ಮೇಲಿನ ದ್ರವದಲ್ಲೇ ಉಳಿಯುತ್ತವೆ. 300 ನ್ಯೂಕ್ಲಿಯೋಟೈಡಿಗಿಂತ ಚಿಕ್ಕ ಆರ್‌ಎನ್‌ಎಗೆ ಈ ದಾರಿ ಹೊಂದುವುದಿಲ್ಲ. ನಿಮ್ಮದು ಉದ್ದವಿದೆ, ತೊಂದರೆಯಿಲ್ಲ. ಶೇಕಡಾ 70ರ ಎಥೆನಾಲ್‌ನಲ್ಲಿ ತೊಳೆದ ಮೇಲೆ ಪೆಲೆಟ್ಟನ್ನು ತೀರಾ ಒಣಗಿಸಬೇಡಿ. ಬಿಳಿ ಚುಕ್ಕೆ ಗಾಜಿನಂತೆ ಪಾರದರ್ಶಕವಾದ ಗಳಿಗೆಯಲ್ಲೇ ನೀರು ಹಾಕಿ. ಆ ಗಳಿಗೆ ದಾಟಿದರೆ ಕರಗಿಸುವುದು ಕಷ್ಟ.

ಕೊಡಗಿನ ಕಣಿವೆ:
ನಮ್ಮೂರ ಮಳೆಗಾಲಕ್ಕೆ ಫ್ರೀಜರ್ ನಂಬಬೇಡಿ, ಎಥೆನಾಲ್ ನಂಬಿ. ಆರ್‌ಎನ್‌ಎ ದ್ರಾವಣದ ಹತ್ತನೆಯ ಒಂದು ಪಾಲು ಸೋಡಿಯಂ ಅಸಿಟೇಟ್, ಎರಡೂವರೆ ಪಾಲು ಎಥೆನಾಲ್ ಹಾಕಿ ಹಾಗೆಯೇ ಇಟ್ಟುಬಿಡಿ. ಅದರಲ್ಲಿ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವ ಆರ್‌ಎನ್‌ಏಸ್ ಕೆಲಸ ಮಾಡಲಾರದು, ಕರೆಂಟ್ ಹೋದರೂ ಎದೆ ನಡುಗುವುದಿಲ್ಲ. ಇನ್ನೊಂದು ಮಾತು: ಈ ತೇವದಲ್ಲಿ ತಣ್ಣನೆಯ ಟ್ಯೂಬ್ ಹೊರತೆಗೆದರೆ ಮುಚ್ಚಳದ ಸುತ್ತ ನೀರು ಹನಿಗಟ್ಟುತ್ತದೆ. ತೆರೆದಾಗ ಆ ಹನಿ, ಜೊತೆಗೆ ಹೊರಗಿನ ಆರ್‌ಎನ್‌ಏಸ್, ಒಳಗೆ ಜಾರುತ್ತದೆ. ಮೊದಲು ಒರೆಸಿ, ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ತಿರುಗಿಸಿ, ಆಮೇಲೆ ತೆರೆಯಿರಿ. ಕೈಗವಸು ಬದಲಿಸುತ್ತಿರಿ. ಆಟೋಕ್ಲೇವ್ (ಒತ್ತಡದ ಹಬೆ) ಒಂದರಿಂದಲೇ ಆರ್‌ಎನ್‌ಏಸ್ ಸಾಯುತ್ತದೆ ಎಂಬ ನಂಬಿಕೆ ಬೇಡ.

ಮಲೆಯ ಏಲಕ್ಕಿ:
ಇಬ್ಬರಿಗೂ ತುಂಬ ಧನ್ಯವಾದಗಳು. ಇಂದು ಹೊಸದಾಗಿ ಮಾಡಿದೆ, ಬಿಸಿ ಮಾಡಲಿಲ್ಲ. ಜೆಲ್‌ನಲ್ಲಿ ಚೂಪಾದ ಒಂದೇ ಬ್ಯಾಂಡ್ ಬಂದಿದೆ! ಎಥೆನಾಲ್‌ನಲ್ಲಿಟ್ಟ ಮೇಲೆ ಬೇಕಾದಾಗ ಸ್ವಲ್ಪ ಸ್ವಲ್ಪವೇ ತೆಗೆಯಬಹುದೇ?

ಕೊಡಗಿನ ಕಣಿವೆ:
ಬೇಡ. ಅಲ್ಲಿ ಆರ್‌ಎನ್‌ಎ ಕರಗಿರುವುದಿಲ್ಲ, ತೇಲುವ ಚೂರುಗಳಾಗಿರುತ್ತದೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತದೆ. ಎಥೆನಾಲ್ ಹಾಕುವ ಮೊದಲೇ ಹತ್ತು ಟ್ಯೂಬುಗಳಿಗೆ ಹಂಚಿ. ಪರೀಕ್ಷೆಯ ದಿನ ಒಂದನ್ನು ಮಾತ್ರ ಸೆಂಟ್ರಿಫ್ಯೂಜ್ ಮಾಡಿ ತಳಕ್ಕೆ ಇಳಿಸಿ, ತೊಳೆದು, ಕರಗಿಸಿ. ತೆಳು ಮಾಡುವಾಗ ಯೀಸ್ಟಿನ ಟಿಆರ್‌ಎನ್‌ಎ (ಇನ್ನೊಂದು ಬಗೆಯ ಆರ್‌ಎನ್‌ಎ) ಬೆರೆಸಿ, ಇಲ್ಲದಿದ್ದರೆ ಇರುವ ಅಲ್ಪವೂ ಟ್ಯೂಬಿನ ಗೋಡೆಗೆ ಅಂಟಿಕೊಳ್ಳುತ್ತದೆ.